ಆಟದ ಮೋಸಕ್ಕೆ ಶಿಕ್ಷೆ: ಅಳತೆ ಯಾವುದು?

ಆಟವಿಲ್ಲದ ಬಾಲ್ಯವಿಲ್ಲ, ನಿಯಮವಿಲ್ಲದ ಆಟವಿಲ್ಲ. ಲಗೋರಿಯಾಗಲಿ, ಕುಟ್ಟಿದೊಣ್ಣೆಯಾಗಲಿ, ಮಳೆಗಾಲದಲ್ಲಿ ಜಗಲಿಯ ಮೇಲೆ ಕುಳಿತು ಆಡುವ ಚೆನ್ನೆಮಣೆಯಾಗಲಿ, ಅವುಗಳ ನಿಯಮವನ್ನು ಪಾಠಪುಸ್ತಕ ಓದಿ ಕಲಿತವರಿಲ್ಲ. ಆದರೂ ಆಡುವ ಪ್ರತಿಯೊಂದು ಮಗುವಿಗೂ ಅವು ಗೊತ್ತು. ನಿಯಮವಿದ್ದಲ್ಲಿ ಅದನ್ನು ಮುರಿಯುವವರೂ ಇರುತ್ತಾರೆ. ಹಸ್ತಿನಾವತಿಯ ಸಭೆಯಲ್ಲಿ ಶಕುನಿ ದಾಳ ಉರುಳಿಸಿದ ಕತೆ ಯಕ್ಷಗಾನದ ಈ ನಾಡಿನ ಮಕ್ಕಳಿಗೆ ಹೊಸತಲ್ಲ. ಮೋಸಗಾರನನ್ನು ಏನು ಮಾಡಬೇಕು ಎಂಬ ಪ್ರಶ್ನೆಯೂ ಆಟದಷ್ಟೇ ಹಳೆಯದು. ಆ ಪ್ರಶ್ನೆ ಈಗ ಹೊಸ ವೇಷ ಧರಿಸಿ ನಮ್ಮ ಮನೆಯೊಳಗೆ ಬಂದಿದೆ. ಮೊಬೈಲಿನಲ್ಲೂ ಕಂಪ್ಯೂಟರಿನಲ್ಲೂ ಹಲವರು ಕೂಡಿ ಆಡುವ ಆನ್‌ಲೈನ್ ಆಟಗಳಲ್ಲಿ ಮೋಸ ಮಾಡಿದವರಿಗೆ ಕೊಡುವ ಶಿಕ್ಷೆ ನ್ಯಾಯವಾದುದೇ ಎಂಬುದನ್ನು ವಿದ್ಯಾರ್ಥಿಗಳೂ ಹೆತ್ತವರೂ ಒಟ್ಟಾಗಿ ಯೋಚಿಸಬೇಕೆಂಬುದು ಈ ಲೇಖನದ ಉದ್ದೇಶ.

ಈ ಆಟಗಳ ಪರಿಚಯವಿಲ್ಲದ ಹೆತ್ತವರಿಗಾಗಿ ಎರಡು ಮಾತು. 'ಪಬ್‌ಜಿ' ಎಂಬ ಹೆಸರು ಬಹುತೇಕ ಎಲ್ಲ ಮನೆಗಳಲ್ಲೂ ಕೇಳಿಬಂದಿರುತ್ತದೆ. ಆ ಆಟದ ಮೊಬೈಲ್ ರೂಪವನ್ನು ಭಾರತ ಸರಕಾರ 2020ರ ಸೆಪ್ಟೆಂಬರಿನಲ್ಲಿ ನಿಷೇಧಿಸಿತು. 2021ರ ಜುಲೈಯಲ್ಲಿ ಅದೇ ಬಗೆಯ ಆಟ 'ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ' ಎಂಬ ಹೆಸರಿನಲ್ಲಿ ಬಂತು. ಒಂದು ಆಟಕ್ಕೆ 100 ಮಂದಿಯವರೆಗೆ ಸೇರುತ್ತಾರೆ. ಕೊನೆಯವರೆಗೆ ಉಳಿದವರು ಗೆಲ್ಲುತ್ತಾರೆ. ಆಡುವವರಿಗೆ ಒಬ್ಬರ ಮುಖ ಇನ್ನೊಬ್ಬರಿಗೆ ಕಾಣುವುದಿಲ್ಲ. ಇಂತಹ ಆಟಗಳಲ್ಲಿ ಬಂದೂಕಿನ ಗುರಿಯನ್ನು ತಾನಾಗಿಯೇ ಎದುರಾಳಿಯ ಮೇಲೆ ಕೂರಿಸುವ, ಗೋಡೆಯ ಹಿಂದೆ ಅಡಗಿದವನನ್ನೂ ತೋರಿಸುವ ಕಳ್ಳ ತಂತ್ರಾಂಶಗಳು ಹಣಕ್ಕೆ ಸಿಗುತ್ತವೆ. ಮಕ್ಕಳ ಬಾಯಲ್ಲಿ ಇದಕ್ಕೆ 'ಹ್ಯಾಕ್' ಎಂದು ಹೆಸರು. ಆನ್‌ಲೈನ್ ಚದುರಂಗದಲ್ಲಾದರೆ ಪಕ್ಕದಲ್ಲಿ ಇನ್ನೊಂದು ಯಂತ್ರವನ್ನಿಟ್ಟು, ಅದು ಹೇಳಿದಂತೆ ಕಾಯಿ ನಡೆಸುವುದು ಮೋಸ. ಸಿಕ್ಕಿಬಿದ್ದವನ ಖಾತೆಯನ್ನು ಕಂಪೆನಿ ಮುಚ್ಚಿಬಿಡುತ್ತದೆ. 'ಬ್ಯಾನ್ ಆಯ್ತು ಮಾಷ್ಟ್ರೇ' ಎಂದು ಮಕ್ಕಳು ಹೇಳುವುದು ಇದನ್ನೇ.

'ಆಟ ತಾನೇ, ಅದರಲ್ಲೇನು ಮೋಸ, ಅದಕ್ಕೇನು ಶಿಕ್ಷೆ?' ಎಂದು ಕೆಲವರು ಕೇಳಬಹುದು. ಈ ಮಾತನ್ನು ನಾನು ಒಪ್ಪುವುದಿಲ್ಲ. ಆ ಆಟದಲ್ಲಿ 18 ವರ್ಷ ತುಂಬದವರಿಗೆ ದಿನಕ್ಕೆ 3 ಗಂಟೆಗಳ ಮಿತಿ ಹಾಕಲಾಗಿತ್ತು. ಮನೆಯವರು ಅಷ್ಟು ಹೊತ್ತೂ ಬಿಡುವುದಿಲ್ಲ. ಓದು, ಮನೆಗೆಲಸ ಎಲ್ಲ ಮುಗಿಸಿ ಅರ್ಧ ಗಂಟೆಯ ಅನುಮತಿ ಪಡೆದು ಕುಳಿತ ಹುಡುಗಿಯೊಬ್ಬಳ ಆಟವನ್ನು ಎಲ್ಲಿಯೋ ಇರುವ ಮೋಸಗಾರ ಎರಡೇ ನಿಮಿಷಗಳಲ್ಲಿ ಮುಗಿಸಿಬಿಟ್ಟರೆ, ಅವಳ ಸಂಜೆಯನ್ನು ಅವನು ಕದ್ದಂತಾಯಿತು. ಒಬ್ಬನ ಸುಳ್ಳು ಗೆಲುವಿಗಾಗಿ 99 ಮಂದಿಯ ಆಟ ಹಾಳು. ಇದಲ್ಲದೆ ಈಗ ಇ-ಕ್ರೀಡೆಯೆಂಬುದು ಬರಿಯ ಕಾಲಹರಣವಾಗಿ ಉಳಿದಿಲ್ಲ. 2023ರಲ್ಲಿ ಚೀನಾದ ಹಾಂಗ್‌ಝೌನಲ್ಲಿ ನಡೆದ ಏಷ್ಯನ್ ಕ್ರೀಡಾಕೂಟದಲ್ಲಿ ಅದಕ್ಕೆ ಪದಕಗಳಿದ್ದವು. 2025ರ ಆಗಸ್ಟಿನಲ್ಲಿ ನಮ್ಮ ಸಂಸತ್ತು ಅಂಗೀಕರಿಸಿದ ಕಾನೂನು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. ಅದೇ ಕಾನೂನು ಇ-ಕ್ರೀಡೆಗೆ ಮಾನ್ಯತೆ ನೀಡಿತು. ಪದಕ ಇರುವಲ್ಲಿ ಪ್ರಾಮಾಣಿಕತೆ ಬೇಡವೆಂದು ಯಾರು ಹೇಳಿಯಾರು? ಆದುದರಿಂದ ಮೋಸಕ್ಕೆ ಶಿಕ್ಷೆ ಇರಲೇಬೇಕು. ಚರ್ಚೆ ಇರುವುದು ಆ ಶಿಕ್ಷೆ ಯಾರ ಮೇಲೆ ಬೀಳುತ್ತದೆ, ಎಷ್ಟು ಬೀಳುತ್ತದೆ, ಯಾರ ಮಾತು ಕೇಳಿ ಬೀಳುತ್ತದೆ ಎಂಬ ವಿಷಯದಲ್ಲಿ.

ಮೊದಲನೆಯ ಪ್ರಶ್ನೆ, ಶಿಕ್ಷೆಗೊಳಗಾದವನು ನಿಜಕ್ಕೂ ತಪ್ಪಿತಸ್ಥನೇ? ಕೋಟ್ಯಂತರ ಮಂದಿ ಆಡುವಲ್ಲಿ ಕಾವಲಿಗೆ ಮನುಷ್ಯರು ಸಾಲುವುದಿಲ್ಲ. ಯಂತ್ರವೇ ಕಾವಲು ಕಾಯುತ್ತದೆ. ಯಂತ್ರವೂ ಎಡವುತ್ತದೆ. 2010ರ ಜುಲೈಯಲ್ಲಿ ಅಮೆರಿಕದ ವಾಲ್ವ್ ಎಂಬ ಕಂಪೆನಿಯ ಕಾವಲು ತಂತ್ರಾಂಶ 'ಕಾಲ್ ಆಫ್ ಡ್ಯೂಟಿ' ಸರಣಿಯ ಒಂದು ಆಟವನ್ನು ಆಡುತ್ತಿದ್ದ ಸುಮಾರು 12,000 ಮಂದಿಯನ್ನು ಮೋಸಗಾರರೆಂದು ಹೊರಗೆ ಹಾಕಿತು. ಅವರಾರೂ ಮೋಸ ಮಾಡಿರಲಿಲ್ಲ. ಕಂಪೆನಿಯ ತಂತ್ರಾಂಶ ಕಡತವೊಂದನ್ನು ಹೊಸದು ಮಾಡಿದಾಗ, ಹಳೆಯ ಪ್ರತಿಗೂ ಹೊಸ ಪ್ರತಿಗೂ ತಾಳೆಯಾಗದೆ, ಯಾರೋ ತಿದ್ದಿದ್ದಾರೆಂದು ಯಂತ್ರ ಭಾವಿಸಿತ್ತು. ಕಂಪೆನಿಯ ಮುಖ್ಯಸ್ಥ ಗೇಬ್ ನ್ಯೂವೆಲ್ ಕ್ಷಮೆ ಕೇಳಿದರು. ನಿಷೇಧವನ್ನು ತೆಗೆದು, ಪರಿಹಾರವಾಗಿ ಇನ್ನೊಂದು ಆಟವನ್ನು ಉಚಿತವಾಗಿ ಕೊಟ್ಟರು. 2023ರ ಅಕ್ಟೋಬರಿನಲ್ಲಿ ಇದೇ ಕಂಪೆನಿಯ 'ಕೌಂಟರ್ ಸ್ಟ್ರೈಕ್ 2' ಆಟದಲ್ಲಿ ಮತ್ತೊಮ್ಮೆ ಹೀಗಾಯಿತು. ಎ.ಎಂ.ಡಿ. ಎಂಬ ಬಿಡಿಭಾಗ ತಯಾರಕರು ಆಟ ಚುರುಕಾಗಲೆಂದು ಕೊಟ್ಟ ಒಂದು ಸೌಲಭ್ಯವನ್ನು ಬಳಸಿದ ಕೆಲವರು ನಿಷೇಧಕ್ಕೆ ಗುರಿಯಾದರು. ಎ.ಎಂ.ಡಿ. ಆ ಸೌಲಭ್ಯವನ್ನು ಹಿಂದೆಗೆದುಕೊಂಡಿತು, ವಾಲ್ವ್ ನಿಷೇಧಗಳನ್ನು ರದ್ದು ಮಾಡಿತು.

ತಪ್ಪನ್ನು ಒಪ್ಪಿ ತಿದ್ದಿಕೊಂಡ ಕಂಪೆನಿಯನ್ನು ಮೆಚ್ಚೋಣ. ಆದರೆ ಒಂದನ್ನು ಗಮನಿಸಿ. ಅಲ್ಲಿ ಸಾವಿರಾರು ಮಂದಿ ಒಟ್ಟಾಗಿ ಕೂಗಿದರು, ಆದ್ದರಿಂದ ಕೇಳಿಸಿತು. ನಮ್ಮ ಊರಿನ ಒಂದು ಮಗು ಒಂಟಿಯಾಗಿ ತಪ್ಪು ನಿಷೇಧಕ್ಕೆ ಸಿಕ್ಕಿಕೊಂಡರೆ ಅದರ ಕೂಗು ಯಾರಿಗೆ ಕೇಳಿಸೀತು? ಆಪಾದನೆಯ ಸೂಚನೆ ಸಾಮಾನ್ಯವಾಗಿ ಇಂಗ್ಲಿಷಿನಲ್ಲಿ ಒಂದು ಸಾಲು. ಯಾವ ದಿನ, ಯಾವ ಆಟದಲ್ಲಿ, ಏನು ಮಾಡಿದೆ ಎಂಬ ವಿವರ ಹೆಚ್ಚಾಗಿ ಇರುವುದಿಲ್ಲ. ಮೇಲ್ಮನವಿಯನ್ನೂ ಇಂಗ್ಲಿಷಿನಲ್ಲಿಯೇ ಬರೆಯಬೇಕು. ಮನೆಯಲ್ಲಿ ತುಳುವೋ ಹವ್ಯಕವೋ ಮರಾಠಿಯೋ, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳ ಆಡುವ ನಮ್ಮ ಮಗು ತನ್ನ ನಿರಪರಾಧವನ್ನು ನಾಲ್ಕನೆಯ ಭಾಷೆಯಲ್ಲಿ ಸಾಧಿಸಬೇಕಾಗಿದೆ. ಗೊತ್ತಿಲ್ಲದ ಭಾಷೆಯ ಅರ್ಜಿ ಹಿಡಿದು ಕಚೇರಿಯ ಬಾಗಿಲಲ್ಲಿ ನಿಲ್ಲುವುದೆಂದರೇನೆಂದು ಗಡಿನಾಡ ಕನ್ನಡಿಗರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಆಪಾದಿತನ ಮಾತು ಕೇಳದೆ ತೀರ್ಪು ಕೊಡಬಾರದೆಂಬುದು ನ್ಯಾಯಶಾಸ್ತ್ರದ ಮೂಲತತ್ತ್ವ. ನಮ್ಮ ತಾಳಮದ್ದಳೆಯನ್ನೇ ನೋಡಿ. ಪಗಡೆಯಾಟದ ಪ್ರಸಂಗದಲ್ಲಿ ಶಕುನಿಗೂ ಅರ್ಥಧಾರಿ ಇರುತ್ತಾನೆ, ದುರ್ಯೋಧನನಿಗೂ ಇರುತ್ತಾನೆ. ಅವರು ತಪ್ಪಿತಸ್ಥರೆಂದು ಸಭೆಗೆ ಮೊದಲೇ ಗೊತ್ತು. ಆದರೂ ಅವರ ಪಕ್ಷವನ್ನು ಪೂರ್ತಿ ಕೇಳಿದ ಮೇಲೆಯೇ ಪ್ರಸಂಗ ಮುಂದುವರಿಯುತ್ತದೆ. ಶಕುನಿಗೆ ಸಿಗುವ ಈ ಅವಕಾಶ ಎಂಟನೆಯ ತರಗತಿಯ ಹುಡುಗನಿಗೆ ಸಿಗಬಾರದೇ?

ಎರಡನೆಯ ಪ್ರಶ್ನೆ, ಶಿಕ್ಷೆ ತಪ್ಪು ಮಾಡಿದವನ ಮೇಲೆಯೇ ಬೀಳುತ್ತದೆಯೇ? ಇದು ನಮ್ಮ ಮನೆಗಳಿಗೆ ಎಲ್ಲಕ್ಕಿಂತ ಹತ್ತಿರದ ಪ್ರಶ್ನೆ. ಖಾತೆ ಮುಚ್ಚಿದರೆ ಮೋಸಗಾರ ಇನ್ನೊಂದು ಖಾತೆ ತೆರೆಯುತ್ತಾನೆ. ಈ ಕಾಟ ತಾಳಲಾರದೆ ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾದವರು 2021ರ ಡಿಸೆಂಬರಿನಲ್ಲಿ ಹೊಸ ಕ್ರಮವೊಂದನ್ನು ಪ್ರಕಟಿಸಿದರು. ಮೋಸದ ತಂತ್ರಾಂಶ ಬಳಸಿದ್ದು ಕಂಡುಬಂದರೆ ಆ ಮೊಬೈಲನ್ನೇ ಆಟದಿಂದ ಶಾಶ್ವತವಾಗಿ ಹೊರಗಿಡುವುದು ಆ ಕ್ರಮ. ಕಂಪೆನಿಯ ದೃಷ್ಟಿಯಲ್ಲಿ ಒಂದು ಮೊಬೈಲ್ ಎಂದರೆ ಒಬ್ಬ ಮನುಷ್ಯ. ನಮ್ಮ ಊರಿನಲ್ಲಿ ಹಾಗುಂಟೇ? ಅಪ್ಪ ಕೆಲಸಕ್ಕೆ ಹೋಗಿ ಬಂದ ಮೇಲೆ ಅವರ ಮೊಬೈಲು ಅಣ್ಣನ ಕೈಗೆ, ಅಣ್ಣನಿಂದ ತಂಗಿಯ ಕೈಗೆ, ರಜೆಯಲ್ಲಿ ಬಂದ ಮಾವನ ಮಗನ ಕೈಗೆ ಹೋಗುತ್ತದೆ. ಮಾವನ ಮಗ ಎರಡು ದಿನವಿದ್ದು, ಯಾವುದೋ ಕಳ್ಳ ತಂತ್ರಾಂಶವನ್ನು ಹಾಕಿ ಆಡಿ, ತನ್ನ ಊರಿಗೆ ಹೊರಟುಹೋಗುತ್ತಾನೆ ಎಂದಿಟ್ಟುಕೊಳ್ಳಿ. ಶಿಕ್ಷೆ ಅನುಭವಿಸುವವಳು ಏನೂ ಅರಿಯದ ತಂಗಿ. ಇನ್ನು ಆ ಮೊಬೈಲನ್ನು ಅಂಗಡಿಗೆ ಮಾರಿದರೆ, ಅರ್ಧ ಬೆಲೆಗೆ ಕೊಂಡುಕೊಂಡ ಬೇರೊಂದು ಮನೆಯ ಮಗುವಿಗೆ ಶಿಕ್ಷೆ ಬಳುವಳಿಯಾಗಿ ಬರಬಹುದು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆ ಇಂತಹ ಸಂದರ್ಭಕ್ಕೇ ಹುಟ್ಟಿದಂತಿದೆ. ಹೊಸ ಮೊಬೈಲ್ ಕೊಳ್ಳಬಲ್ಲವನಿಗೆ ಈ ಶಿಕ್ಷೆ ಒಂದು ದಿನದ ಮಾತು. ಒಂದೇ ಮೊಬೈಲಿನ ಮನೆಗೆ ಅದು ವರ್ಷಗಳ ಮಾತು.

ತಂಡವಾಗಿ ಆಡುವಲ್ಲಿ ಈ ತೊಡಕು ಇನ್ನೂ ಹೆಚ್ಚು. 2018ರ ಅಕ್ಟೋಬರಿನಲ್ಲಿ ಶಾಂಘಾಯಿಯಲ್ಲಿ ನಡೆದ ಕೌಂಟರ್ ಸ್ಟ್ರೈಕ್ ಪಂದ್ಯಾವಳಿಯಲ್ಲಿ ಭಾರತದ ತಂಡದ ಆಟಗಾರನೊಬ್ಬ ಆಡುತ್ತಿರುವಾಗಲೇ ಮೋಸದ ತಂತ್ರಾಂಶದೊಂದಿಗೆ ಸಿಕ್ಕಿಬಿದ್ದ. ತಂಡವನ್ನು ಪಂದ್ಯಾವಳಿಯಿಂದ ಹೊರಗೆ ಹಾಕಲಾಯಿತು. ಇದು ಸರಿಯೇ, ಮೋಸದಿಂದ ಬಂದ ಅಂಕವನ್ನು ಯಾರೂ ಇಟ್ಟುಕೊಳ್ಳುವಂತಿಲ್ಲ. ಆ ಆಟಗಾರನಿಗೆ ಇ-ಕ್ರೀಡೆಯ ಪ್ರಾಮಾಣಿಕತಾ ಆಯೋಗ 5 ವರ್ಷಗಳ ನಿಷೇಧ ವಿಧಿಸಿತು. ಇದೂ ಸರಿ, ಹಣ ಪಡೆದು ದೇಶದ ಹೆಸರಿನಲ್ಲಿ ಆಡುವವನ ತಪ್ಪು ದೊಡ್ಡದು. ಆದರೆ ಐವರ ತಂಡವನ್ನು ಅದರ ಮಾಲಿಕ ಸಂಸ್ಥೆ ವಿಸರ್ಜಿಸಿಯೇಬಿಟ್ಟಿತು. ಉಳಿದ ನಾಲ್ವರು ಒಂದು ದಿನದಲ್ಲಿ ಬೀದಿಗೆ ಬಿದ್ದರು. ಗೆಲುವನ್ನು ಕಸಿಯುವಾಗ ತಂಡವನ್ನು ಒಂದಾಗಿ ಕಾಣಬಹುದು. ಶಿಕ್ಷಿಸುವಾಗ ಒಬ್ಬೊಬ್ಬನನ್ನು ಬೇರೆಯಾಗಿಯೇ ಕಾಣಬೇಕು. ತರಗತಿಯಲ್ಲಿ ಒಬ್ಬ ಗಲಾಟೆ ಮಾಡಿದರೆ ಇಡೀ ಬೆಂಚನ್ನು ನಿಲ್ಲಿಸುವ ಪದ್ಧತಿಯ ಕಹಿ ವಿದ್ಯಾರ್ಥಿಗಳಾದ ನಿಮಗೆ ಚೆನ್ನಾಗಿ ಗೊತ್ತಲ್ಲವೇ?

ಮೂರನೆಯದು ಶಿಕ್ಷೆಯ ಅಳತೆ. 2019ರ ನವೆಂಬರಿನಲ್ಲಿ 'ಫೋರ್ಟ್‌ನೈಟ್' ಎಂಬ ಆಟದಲ್ಲಿ ಇಂಗ್ಲೆಂಡಿನ 17 ವರ್ಷದ ಹುಡುಗನೊಬ್ಬ ಗುರಿ ಹಿಡಿಯುವ ತಂತ್ರಾಂಶ ಬಳಸಿದ್ದಕ್ಕೆ ಎಪಿಕ್ ಕಂಪೆನಿ ಅವನನ್ನು ಆಜೀವಪರ್ಯಂತ ನಿಷೇಧಿಸಿತು. ಬಹುಮಾನವಿದ್ದ ಪಂದ್ಯದಲ್ಲಿ ಅವನು ಅದನ್ನು ಬಳಸಿರಲಿಲ್ಲ, ವಿಡಿಯೋ ಮಾಡಿ ಜನರಿಗೆ ತೋರಿಸಲೆಂದು ಬಳಸಿದ್ದ. ತಪ್ಪು ತಪ್ಪೇ. ಆದರೆ 17ರ ತಪ್ಪಿಗೆ 70ರವರೆಗೆ ಶಿಕ್ಷೆಯೇ? ಅದೇ ಕಂಪೆನಿ ಬಳಿಕ ತನ್ನ ನಿಯಮವನ್ನು ಬದಲಾಯಿಸಿ, ಮೊದಲ ತಪ್ಪಿಗೆ ಒಂದು ವರ್ಷದ ನಿಷೇಧ ಸಾಕೆಂದು ನಿರ್ಧರಿಸಿತು. 2025ರಲ್ಲಿ ಆ ಯುವಕನಿಗೂ ಬಾಗಿಲು ತೆರೆಯಿತು. ಗದ್ದೆಯಲ್ಲಿ ಆಡುವ ಮಕ್ಕಳಿಗೆ ಈ ವಿವೇಕ ತಾನಾಗಿಯೇ ಇರುತ್ತದೆ. ಲಗೋರಿಯಲ್ಲಿ ಮೋಸ ಮಾಡಿದವನನ್ನು 'ಈ ಆಟಕ್ಕೆ ನೀನಿಲ್ಲ' ಎಂದು ಬದಿಗೆ ಕೂರಿಸುತ್ತಾರೆ, ಮುಂದಿನ ಆಟಕ್ಕೆ ಕರೆಯುತ್ತಾರೆ. ಪುನಃ ಮೋಸ ಮಾಡಿದರೆ ಆ ದಿನವಿಡೀ ಸೇರಿಸುವುದಿಲ್ಲ.

ತಪ್ಪು ಮಾಡಿದ ಮಗುವಿಗೆ ಒಂದು ಹೆಸರು ಅಂಟಿಸಿಬಿಟ್ಟರೆ ಏನಾಗುತ್ತದೆಂಬುದಕ್ಕೆ ಚದುರಂಗದ ಲೋಕದಿಂದ ಒಂದು ಉದಾಹರಣೆ. 2022ರ ಸೆಪ್ಟೆಂಬರಿನಲ್ಲಿ ಅಮೆರಿಕದ ಸೈಂಟ್ ಲೂಯಿಸಿನಲ್ಲಿ 19 ವರ್ಷದ ಹಾನ್ಸ್ ನೀಮನ್ ವಿಶ್ವಚಾಂಪಿಯನ್ ಮ್ಯಾಗ್ನಸ್ ಕಾರ್ಲ್‌ಸನ್‌ರನ್ನು ಸೋಲಿಸಿದ. ಕಾರ್ಲ್‌ಸನ್ ಪಂದ್ಯಾವಳಿಯನ್ನೇ ಬಿಟ್ಟು ಹೊರನಡೆದರು. ಮೋಸ ನಡೆದಿದೆಯೆಂಬ ಸಂಶಯ ಲೋಕಕ್ಕೆಲ್ಲ ಹಬ್ಬಿತು. 12ನೆಯ ವಯಸ್ಸಿನಲ್ಲಿಯೂ 16ನೆಯ ವಯಸ್ಸಿನಲ್ಲಿಯೂ ಆನ್‌ಲೈನ್ ಆಟದಲ್ಲಿ ಮೋಸ ಮಾಡಿದ್ದನ್ನು ನೀಮನ್ ಒಪ್ಪಿಕೊಂಡ. ಅವನು ಹೇಳಿದ್ದಕ್ಕಿಂತ ಬಹಳ ಹೆಚ್ಚು ಆನ್‌ಲೈನ್ ಆಟಗಳಲ್ಲಿ ಮೋಸ ನಡೆದಿರುವ ಸಂಭವವಿದೆಯೆಂದು ಚೆಸ್ ಡಾಟ್ ಕಾಮ್ ಸಂಸ್ಥೆಯ ವರದಿ ತಿಳಿಸಿತು. ಆದರೆ ಎದುರುಬದುರು ಕುಳಿತು ಆಡಿದ ಆಟದಲ್ಲಿ ಮೋಸ ಮಾಡಿದ್ದಕ್ಕೆ ಪುರಾವೆ ಸಿಗಲಿಲ್ಲ. ಕಡೆಗೆ 2023ರ ಆಗಸ್ಟಿನಲ್ಲಿ ಇಬ್ಬರ ನಡುವೆ ರಾಜಿಯಾಯಿತು. ಸಕಾರಣವಿಲ್ಲದೆ ಪಂದ್ಯಾವಳಿ ಬಿಟ್ಟುಹೋದದ್ದಕ್ಕಾಗಿ ಕಾರ್ಲ್‌ಸನ್‌ರಿಗೆ ಅಂತಾರಾಷ್ಟ್ರೀಯ ಚೆಸ್ ಫೆಡರೇಷನ್ 2023ರ ಡಿಸೆಂಬರಿನಲ್ಲಿ 10,000 ಯೂರೋ ದಂಡ ವಿಧಿಸಿತು. ಇದರಿಂದ ಎರಡು ಪಾಠಗಳು. ಬಾಲ್ಯದಲ್ಲಿ ಮಾಡಿದ ಮೋಸ ಎಷ್ಟೋ ವರ್ಷಗಳ ಅನಂತರ, ನಿಜವಾದ ಗೆಲುವಿನ ದಿನವೂ ಬಂದು ಎದುರು ನಿಲ್ಲಬಹುದು. ಒಮ್ಮೆ ಮೋಸ ಮಾಡಿದವನ ಪ್ರತಿಯೊಂದು ಗೆಲುವೂ ಮೋಸವೇ ಎಂದು ಪುರಾವೆಯಿಲ್ಲದೆ ತೀರ್ಮಾನಿಸುವುದೂ ನ್ಯಾಯವಲ್ಲ.

ನಾಲ್ಕನೆಯ ಪ್ರಶ್ನೆ, ಶಿಕ್ಷೆ ದೊಡ್ಡವರಿಗೂ ಚಿಕ್ಕವರಿಗೂ ಒಂದೇ ಆಗಿದೆಯೇ? 2021ರ ಜೂನಿನಲ್ಲಿ ಕೋವಿಡ್ ಪರಿಹಾರನಿಧಿಗಾಗಿ ವಿಶ್ವನಾಥನ್ ಆನಂದ್ ಅವರು ಹಲವು ಪ್ರಸಿದ್ಧರೊಡನೆ ಆನ್‌ಲೈನಿನಲ್ಲಿ ಚದುರಂಗವಾಡಿದರು. ಬೆಂಗಳೂರಿನ ಉದ್ಯಮಿಯೊಬ್ಬರು ಆನಂದ್ ಅವರನ್ನು ಸೋಲಿಸಿದಾಗ ಎಲ್ಲರಿಗೂ ಬೆರಗು. ಕಂಪ್ಯೂಟರಿನ ಮತ್ತು ಬಲ್ಲವರ ಸಹಾಯ ಪಡೆದುದಾಗಿ ಮರುದಿನ ಅವರೇ ಒಪ್ಪಿ ಕ್ಷಮೆ ಕೇಳಿದರು. ಅವರ ಖಾತೆಯನ್ನು ಮುಚ್ಚಲಾಯಿತು. ಹೆಚ್ಚು ದಿನ ಕಳೆಯುವ ಮೊದಲೇ ಪುನಃ ತೆರೆಯಲಾಯಿತು. ಅದು ಶ್ರೇಯಾಂಕಕ್ಕೆ ಸೇರದ ಆಟ, ಆನಂದ್ ಅವರೂ ವಿಷಯವನ್ನು ಮುಂದುವರಿಸಲು ಬಯಸಲಿಲ್ಲ ಎಂಬುದು ಅದಕ್ಕೆ ಕೊಟ್ಟ ಕಾರಣ. ಕಾರಣವನ್ನು ಒಪ್ಪೋಣ. ತಪ್ಪೊಪ್ಪಿದವರನ್ನು ಕ್ಷಮಿಸಿದುದಕ್ಕೆ ನನ್ನ ಆಕ್ಷೇಪವೂ ಇಲ್ಲ. ಇಷ್ಟೇ ಬೇಗ ಇಷ್ಟೇ ಗಮನವಿಟ್ಟು ಹೆಸರಿಲ್ಲದ ಒಬ್ಬ ವಿದ್ಯಾರ್ಥಿಯ ಮಾತನ್ನೂ ಕೇಳಬೇಕೆಂಬುದಷ್ಟೇ ನನ್ನ ವಾದ.

ಇಲ್ಲಿ ಇನ್ನೊಂದು ಮಾತು. ಕಳ್ಳ ತಂತ್ರಾಂಶವನ್ನು ಮಾಡಿ ಮಾರುವವರು ಮಕ್ಕಳಲ್ಲ. ಲೆಕ್ಕ ಹಾಕಿ ವ್ಯಾಪಾರ ನಡೆಸುವ ವಯಸ್ಕರು. ದಕ್ಷಿಣ ಕೊರಿಯಾ 2016ರಲ್ಲಿ ತನ್ನ ಕಾನೂನನ್ನು ತಿದ್ದಿ, ಇಂತಹವನ್ನು ತಯಾರಿಸಿ ಹಂಚುವವರಿಗೆ 5 ವರ್ಷಗಳವರೆಗೆ ಸೆರೆಮನೆ ಅಥವಾ 5 ಕೋಟಿ ವೋನ್‌ವರೆಗೆ ದಂಡ ನಿಗದಿ ಮಾಡಿತು. ಬೇರಿಗೆ ಕೈ ಹಾಕುವ ಕ್ರಮವೆಂದರೆ ಇದು. ಮಾರಿದವನು ಹಣ ಎಣಿಸುತ್ತಿರಲು, ಕೊಂಡ ಹುಡುಗನನ್ನು ಮಾತ್ರ ಹಿಡಿದು ಹೊರಗೆ ಹಾಕಿದರೆ ಕಳ್ಳತನ ನಿಲ್ಲುವುದಿಲ್ಲ.

ಕಂಪೆನಿಗಳ ಪಕ್ಷದಲ್ಲಿಯೂ ಹೇಳಲು ಇದೆ. ಮೋಸವನ್ನು ಹೇಗೆ ಕಂಡುಹಿಡಿದೆವೆಂದು ವಿವರವಾಗಿ ತಿಳಿಸಿದರೆ ತಂತ್ರಾಂಶ ಮಾರುವವರು ಅದನ್ನೇ ಪಾಠವಾಗಿ ಕಲಿತು ತಪ್ಪಿಸಿಕೊಳ್ಳುತ್ತಾರೆ. ಲಕ್ಷಗಟ್ಟಲೆ ಪ್ರಕರಣಗಳಲ್ಲಿ ಒಂದೊಂದನ್ನೂ ವಿಚಾರಿಸುತ್ತ ಕುಳಿತರೆ ಪ್ರಾಮಾಣಿಕ ಮಕ್ಕಳು ಅಷ್ಟು ದಿನವೂ ಮೋಸಗಾರರೊಡನೆ ಆಡಬೇಕಾಗುತ್ತದೆ. ಮೋಸ ಮಾಡಿದ ಹತ್ತರಲ್ಲಿ ಒಂಬತ್ತು ಮಂದಿ 'ನಾನಲ್ಲ' ಎಂದೇ ಬರೆಯುತ್ತಾರೆ ಎಂದೂ ಅವರು ಹೇಳಬಹುದು. ಈ ಮಾತುಗಳಲ್ಲಿ ಸತ್ಯವಿದೆ. ಆದರೆ ದಾರಿಯೂ ಇದೆ. ಕಂಡುಹಿಡಿದ ವಿಧಾನವನ್ನು ಗುಟ್ಟಾಗಿಡಲಿ. ಯಾವ ದಿನ, ಯಾವ ತಪ್ಪು ಎಂಬುದನ್ನಾದರೂ ತಿಳಿಸಲಿ. ಸಂಶಯ ಬಂದೊಡನೆ ಕೆಲವು ದಿನ ತಡೆಹಿಡಿಯಲಿ. ಶಾಶ್ವತ ನಿಷೇಧಕ್ಕೆ ಮೊದಲು ಮನುಷ್ಯರೊಬ್ಬರು ನೋಡಲಿ. ಇದು ಆಗದ ಮಾತಲ್ಲ. ಕೌಂಟರ್ ಸ್ಟ್ರೈಕ್ ಆಟದಲ್ಲಿ 2013ರಲ್ಲಿಯೇ ಒಂದು ವ್ಯವಸ್ಥೆ ತಂದಿದ್ದರು. ಸಂಶಯಾಸ್ಪದ ಆಟದ ದಾಖಲೆಯನ್ನು ಅನುಭವಿ ಆಟಗಾರರು ನೋಡಿ ತೀರ್ಮಾನಿಸುತ್ತಿದ್ದರು. ಆಪಾದಿತನ ಹೆಸರು ಅವರಿಗೆ ಕಾಣುತ್ತಿರಲಿಲ್ಲ. ಸಾರ್ವಜನಿಕ ಪರೀಕ್ಷೆಯ ಉತ್ತರಪತ್ರಿಕೆ ತಿದ್ದುವಾಗ ವಿದ್ಯಾರ್ಥಿಯ ಹೆಸರು ಮೌಲ್ಯಮಾಪಕರಿಗೆ ಕಾಣದಂತೆ ಮಾಡುವುದರ ಹಿಂದೆ ಇರುವುದೂ ಇದೇ ನ್ಯಾಯಬುದ್ಧಿ.

ಪ್ರಿಯ ವಿದ್ಯಾರ್ಥಿಗಳೇ, ನ್ಯಾಯವನ್ನು ಕೇಳುವವರು ಮೊದಲು ನ್ಯಾಯವಾಗಿ ಆಡಬೇಕು. ಕಳ್ಳ ತಂತ್ರಾಂಶದಿಂದ ಬಂದ ಗೆಲುವು ನಕಲು ಮಾಡಿ ಪಡೆದ ಅಂಕದ ಹಾಗೆ. ಪಟ್ಟಿಯಲ್ಲಿ ಕಾಣುತ್ತದೆ, ತಲೆಯಲ್ಲಿ ಇರುವುದಿಲ್ಲ. ನಿಮ್ಮ ಖಾತೆಯ ಗುಟ್ಟುಪದವನ್ನು ಆಪ್ತ ಗೆಳೆಯನಿಗೂ ಕೊಡಬೇಡಿ. ಪಗಡೆಯಲ್ಲಿ ಪಣ ದುರ್ಯೋಧನನದು, ದಾಳ ಹಾಕಿದವನು ಶಕುನಿ. ಅಪಕೀರ್ತಿ ಬಂದದ್ದು ಇಬ್ಬರಿಗೂ. ಇನ್ನೊಂದು ಮುಖ್ಯ ವಿಷಯ: ನಿಮ್ಮನ್ನು ಸೋಲಿಸಿದವರೆಲ್ಲ ಮೋಸಗಾರರಲ್ಲ. ಸೋತ ಸಿಟ್ಟಿನಲ್ಲಿ ನಾಲ್ಕು ಗೆಳೆಯರನ್ನು ಕೂಡಿಕೊಂಡು ಒಬ್ಬನ ಮೇಲೆ ಸುಳ್ಳು ದೂರು ಕಳುಹಿಸುವುದು ಮೋಸಕ್ಕಿಂತ ಸಣ್ಣ ತಪ್ಪಲ್ಲ.

ಮಾನ್ಯ ಹೆತ್ತವರೇ, ಮಗ ಅಥವಾ ಮಗಳು 'ನನ್ನನ್ನು ಬ್ಯಾನ್ ಮಾಡಿದರು' ಎಂದು ಮುಖ ಸಣ್ಣದು ಮಾಡಿಕೊಂಡು ಬಂದರೆ, 'ಒಳ್ಳೆಯದೇ ಆಯಿತು, ಇನ್ನು ಓದು' ಎಂದು ಮಾತು ಮುಗಿಸಬೇಡಿ. ಓದಬೇಕೆಂಬುದು ಸರಿ. ಆದರೆ ಏನು ನಡೆಯಿತೆಂದು ಮೊದಲು ಕೇಳಿ. ತಪ್ಪು ಮಾಡಿದ್ದರೆ ಶಿಕ್ಷೆಯನ್ನು ಒಪ್ಪಿಕೊಳ್ಳಲು ಕಲಿಸಿ. ಇನ್ನೊಂದು ಖಾತೆ ತೆರೆದುಕೊಡಬೇಡಿ. ಮಾಡಿಲ್ಲವೆಂದು ನಿಮಗೆ ಮನವರಿಕೆಯಾದರೆ ಅದರ ಜೊತೆ ನಿಲ್ಲಿ. ನಡೆದದ್ದನ್ನು ದಿನ, ಹೊತ್ತು ಸಹಿತ ಕನ್ನಡದಲ್ಲಿಯೇ ಸ್ಪಷ್ಟವಾಗಿ ಬರೆದುಕೊಂಡು ಬರಲಿ. ಇಂಗ್ಲಿಷಿಗೆ ತಿರುಗಿಸಿ ಮನವಿ ಕಳುಹಿಸಲು ಶಾಲೆಯಲ್ಲಿ ನಾವು ನೆರವಾಗೋಣ. ಪತ್ರಲೇಖನದ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಅಭ್ಯಾಸ ಬೇರೆ ಯಾವುದಿದೆ?

ಈ ಮಕ್ಕಳಲ್ಲಿ ಕೆಲವರು ನಾಳೆ ಇಂತಹ ತಂತ್ರಾಂಶಗಳನ್ನು ಬರೆಯುವವರಾಗಬಹುದು, ಕೆಲವರು ವಕೀಲರೂ ಅಧ್ಯಾಪಕರೂ ಆಗಬಹುದು. ಅಂದು ಅವರ ಕೈಯಲ್ಲಿ ಇತರರನ್ನು ಶಿಕ್ಷಿಸುವ ಅಧಿಕಾರವಿರುತ್ತದೆ. ಆಪಾದನೆ ಏನೆಂದು ತಿಳಿಸು, ಮಾತು ಕೇಳು, ತಪ್ಪು ಮಾಡಿದವನನ್ನು ಮಾತ್ರ ಹಿಡಿ, ತಪ್ಪಿನಷ್ಟೇ ಅಳೆ, ತಿದ್ದಿಕೊಂಡವನಿಗೆ ಹಿಂದಿರುಗುವ ದಿನವನ್ನು ಹೇಳು: ಈ ಐದು ಮಾತುಗಳನ್ನು ಆಟದ ವಯಸ್ಸಿನಲ್ಲಿಯೇ ಕಲಿತರೆ, ಆ ದಿನ ಅವರ ಕೈಯಿಂದ ಅನ್ಯಾಯ ನಡೆಯಲಾರದು.